ಕತ್ತರಿಸಿದವಳೂ ನಾನೇ, ಕೂಡಿಸಿದವಳೂ ನಾನೇ

ಪ್ರೀತಿಯ ಗುಂಡುಪಿನ್ನಿಗೆ,

ನೀನು ನಿನ್ನೆ ಕಳಿಸಿದ ಹಾಳೆಯನ್ನು ಈ ಪತ್ರದ ಜೊತೆಗೇ ವಾಪಸು ಇಟ್ಟಿದ್ದೇನೆ. ಸಹಿ ಹಾಕಿಲ್ಲ. ಹಾಕುವುದೂ ಇಲ್ಲ. ‘ಕೋಪದಿಂದ ಬರೆಯುತ್ತಿಲ್ಲ’ ಎಂದು ಮೊದಲು ಒಂದು ಸಾಲು ಬರೆದೆ, ಆಮೇಲೆ ಅದನ್ನು ಹೊಡೆದುಹಾಕಿದೆ. ಸುಳ್ಳಿಗೆ ಸಹಿ ಹಾಕುವುದಿಲ್ಲ ಎಂದು ಹೇಳುವ ಪತ್ರವನ್ನು ಸುಳ್ಳಿನಿಂದ ಶುರುಮಾಡಬಾರದು. ಕೋಪವಿದೆ. ಅದರಲ್ಲಿ ನಿನ್ನ ಪಾಲೆಷ್ಟು, ನನ್ನ ಪಾಲೆಷ್ಟು ಎಂಬುದು ಮಾತ್ರ ನನಗೂ ಬರೆಯುತ್ತ ಹೋದಂತೆ ತಿಳಿಯಬೇಕು.

ಹಾಳೆಯಲ್ಲಿ ನನ್ನ ಹೆಸರಿನಲ್ಲಿ ಬರೆದ ಮೂರೇ ವಾಕ್ಯಗಳಿವೆ: ಗಿರಾಕಿಗಳಿಂದ ವಾಪಸು ಬಂದ ಜಾಕೆಟ್‌ಗಳನ್ನೆಲ್ಲ ನಾನು ನಿಯಮದಂತೆ ಕತ್ತರಿಸಿದ್ದೇನೆ. ಗುಡಿಸುವ ದೊಡ್ಡಮ್ಮನ ಮೈಮೇಲೆ ಸಿಕ್ಕ ಹಸಿರು ಜಾಕೆಟ್ ನಾನು ಕತ್ತರಿಸಿದವುಗಳಲ್ಲಿ ಒಂದಲ್ಲ. ಆದ್ದರಿಂದ ಅದು ಗೋದಾಮಿನಿಂದ ಹೋದ ಹೊಸ ಮಾಲೇ ಇರಬೇಕು. ಇದರ ಕೆಳಗೆ ನಾನು ಹೆಸರು ಬರೆದರೆ, ಸೋಮವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಮ್ಯಾನೇಜರ್ ಕನ್ನಡಕದ ಸಾಹೇಬರ ಮೇಜಿನ ಮುಂದೆ ದೊಡ್ಡಮ್ಮ ಕಳ್ಳಿಯಾಗುತ್ತಾಳೆ. ಹತ್ತೂವರೆಗೆ ಪೊಲೀಸರಿಗೆ ಫೋನು ಹೋಗುತ್ತದೆ. ನಮ್ಮಂಗಡಿಯ ನಾಲ್ಕು ಮಹಡಿಗಳನ್ನು ಹದಿನಾರು ವರ್ಷ ಗುಡಿಸಿ, ಗಿರಾಕಿಗಳು ಬೀಳಿಸಿಕೊಂಡು ಹೋದ ಉಂಗುರ, ಕಿವಿಯೋಲೆಗಳನ್ನು ಒಂದೂ ಬಿಡದೆ ಕೌಂಟರಿಗೆ ತಂದುಕೊಟ್ಟವಳು ಆಕೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ನಮ್ಮ ಟೈಲರ್ ಮಾಸ್ತರು ಹೇಳುತ್ತಿದ್ದರಲ್ಲ, ನೆನಪಿದೆಯೇ? ಈ ಸಲ ಜ್ವರ ಯಾರಿಗೆ ಎಂಬುದು ನನಗೂ ಗೊತ್ತು, ನಿನಗೂ ಗೊತ್ತು.

ಮಾಸ್ತರ ಹೆಸರೆತ್ತಿದ ಮೇಲೆ ಅಂಗಡಿಯ ನೆಲಮಾಳಿಗೆಗೆ ಇಳಿಯದೆ ಇರಲಾರೆ. ನಾನು ಅಲ್ಲಿಗೆ ಬಂದಾಗ ನನಗೆ ಮೂವತ್ನಾಲ್ಕು. ಅದಕ್ಕೂ ಮೊದಲು ಹತ್ತು ವರ್ಷ ಒಂದು ಆಫೀಸಿನಲ್ಲಿ ಕೂತು, ದೂರು ಕೊಟ್ಟವರಿಗೆಲ್ಲ ‘ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ’ ಎಂದು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ತೊಂದರೆ ಏನೆಂದು ಓದುವುದೂ ಬೇಕಿರಲಿಲ್ಲ. ಒಂದು ದಿನ ಅದೇ ವಾಕ್ಯವನ್ನು ಅಮ್ಮನಿಗೆ, ಅನ್ನ ಸೀದದ್ದಕ್ಕೆ ಹೇಳಿಬಿಟ್ಟೆ. ಆ ವಾರವೇ ಕೆಲಸ ಬಿಟ್ಟೆ. ಬೆಟ್ಟ ಹತ್ತುವವರ, ಮಳೆಯಲ್ಲಿ ತಿರುಗುವವರ ಬಟ್ಟೆ ಮಾರುವ ಅಂಗಡಿಯಲ್ಲಿ ರಿಪೇರಿಗೆ ಜನ ಬೇಕು ಎಂಬ ಬೋರ್ಡು ನೋಡಿ ಒಳಗೆ ಬಂದೆ. ಜನರೇಟರಿನ ಪಕ್ಕದ ಆ ಕೋಣೆಯಲ್ಲಿ ಎರಡು ಮೆಷಿನ್ನು, ಒಂದು ಇಸ್ತ್ರಿಮೇಜು, ಮಾಸ್ತರು ಮತ್ತು ನೀನು. ನೀನು ಬಾಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡೇ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, ಪಿನ್ನು ಬೀಳದ ಹಾಗೆ ಕೇಳಿದ್ದೆ: ‘ಏನ್ ಕಾನ್ವೆಂಟು, ಸೂಜಿಗೆ ದಾರ ಹಾಕೋಕೆ ಬರುತ್ತಾ?’ ನನಗೆ ಬರುತ್ತಿರಲಿಲ್ಲ. ಅಂದೇ ನಿನಗೊಂದು ಹೆಸರು ಬಿತ್ತು, ನನಗೊಂದು.

ಮೊದಲ ವಾರ ನಾನು ಹರಿದ ಮಳೆಜಾಕೆಟ್ ಒಂದನ್ನು ಬಲು ಅಚ್ಚುಕಟ್ಟಾಗಿ ಹೊಲಿದು ಮಾಸ್ತರ ಮುಂದೆ ಹಿಡಿದಿದ್ದೆ. ಅವರು ಹೊಗಳಲಿಲ್ಲ, ಬೈಯಲಿಲ್ಲ. ಹೊಲಿಗೆಯ ಮೇಲೆ ಒಂದು ಲೋಟ ನೀರು ಸುರಿದರು. ಒಳಗಡೆ ಇಪ್ಪತ್ತಾರು ಹನಿಗಳು ಸಾಲಾಗಿ ಮೂಡಿದವು, ನಾನು ಹಾಕಿದ ಇಪ್ಪತ್ತಾರು ಹೊಲಿಗೆಗಳ ಲೆಕ್ಕಕ್ಕೆ ಸರಿಯಾಗಿ. ಮಳೆಬಟ್ಟೆಗೆ ಸೂಜಿ ಶತ್ರು, ಒಂದೊಂದು ಹೊಲಿಗೆಯೂ ಒಂದೊಂದು ತೂತು, ಹೊಲಿದ ಮೇಲೆ ಒಳಗಿನಿಂದ ಟೇಪು ಹಚ್ಚಿ ಇಸ್ತ್ರಿಯ ಬಿಸಿ ಕೊಡದಿದ್ದರೆ ಹೊಲಿಯದೆ ಇರುವುದೇ ಲೇಸು ಎಂದು ಆಮೇಲೆ ನನಗೆ ಕಲಿಸಿದವಳು ನೀನು. ತೇಪೆಯ ಮೂಲೆಗಳನ್ನು ಚೂಪಾಗಿ ಬಿಡಬಾರದು, ಮೊಟ್ಟೆಯ ಹಾಗೆ ದುಂಡಗೆ ಕತ್ತರಿಸಬೇಕು, ಮೂಲೆ ಇದ್ದಲ್ಲಿ ಮೊದಲು ಏಳುತ್ತದೆ. ಜಿಪ್ಪು ಕೆಟ್ಟಿತೆಂದು ಪೂರ್ತಿ ಜಿಪ್ಪು ಕೀಳುವವರು ಸೋಮಾರಿಗಳು, ಎಷ್ಟೋ ಸಲ ಸವೆದಿರುವುದು ಹಲ್ಲುಗಳ ಮೇಲೆ ಓಡುವ ರನ್ನರ್ ಮಾತ್ರ, ಇಕ್ಕಳದಿಂದ ಅದರ ಎರಡು ಕೆನ್ನೆಯನ್ನು ಒಂದಿಷ್ಟು ಒತ್ತಿದರೆ ಸಾಕು. ಒಗೆದರೆ ಹಾಳಾಗುತ್ತದೆಂದು ಐದು ವರ್ಷ ಒಗೆಯದೆ ತಂದು, ನೀರು ಇಳಿಯುತ್ತಿದೆ ಎಂದು ಜಗಳವಾಡುವ ಗಿರಾಕಿಗಳಿಗೆ ನೀನು ಎಷ್ಟು ತಾಳ್ಮೆಯಿಂದ ಹೇಳುತ್ತಿದ್ದೆ: ಹಾಳುಮಾಡುವುದು ನೀರಲ್ಲ ಸಾರ್, ಬೆವರು, ಸೋಪಿನ ಪುಡಿ ಬೇಡ, ಇದಕ್ಕೇ ಅಂತ ಇರುವ ಸೋಪು ಹಾಕಿ, ಚೆನ್ನಾಗಿ ಜಾಲಿಸಿ, ಆಮೇಲೆ ಸಣ್ಣ ಬಿಸಿ ಕೊಡಿ. ಅವರು ಹೋದ ಮೇಲೆ, ‘ಇವರ ಮನೆ ತಲೆದಿಂಬು ಹೇಗಿರುತ್ತೋ’ ಎಂದು ನೀನೇ ಮೂಗು ಹಿಡಿದುಕೊಳ್ಳುತ್ತಿದ್ದೆ.

ನಾನು ನಿನಗೆ ಕೊಟ್ಟದ್ದು ಏನು? ಊಟದ ಹೊತ್ತಿನಲ್ಲಿ ಒಂದು ಹೊಲಿಗೆಗೆ ಒಂದು ವಾಕ್ಯ. ಅದು ನಮ್ಮಿಬ್ಬರ ಒಪ್ಪಂದ. ನೀನು ನನ್ನ ಬೆರಳು ತಿದ್ದುತ್ತಿದ್ದೆ, ನಾನು ನಿನ್ನ ಇಂಗ್ಲಿಷು ತಿದ್ದುತ್ತಿದ್ದೆ. ಮೇಲಿನವರಿಗೆ ಪತ್ರ ಹೇಗೆ ಬರೆಯಬೇಕು, ಬೇಡಿಕೆಯನ್ನು ಆಜ್ಞೆಯಂತೆ ಕೇಳಿಸದ ಹಾಗೆ, ಆಜ್ಞೆಯನ್ನು ಬೇಡಿಕೆಯಂತೆ ಕೇಳಿಸುವ ಹಾಗೆ ಹೇಗೆ ಹೇಳಬೇಕು, ಎಲ್ಲ. ಐದು ವರ್ಷಕ್ಕೆ ನೀನು ಆ ವಾಕ್ಯಗಳ ಮೆಟ್ಟಿಲು ಹತ್ತಿ ಮೇಲಿನ ಆಫೀಸಿಗೆ ಹೋದೆ. ಆ ದಿನ ನನಗೆ ಹೊಟ್ಟೆಕಿಚ್ಚಾಯಿತೇ ಎಂದು ಅನೇಕ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಸ್ವಲ್ಪ ಆಯಿತು. ಆದರೆ ಅದಕ್ಕಿಂತ ಹೆಚ್ಚಾಗಿ, ಮಾಸ್ತರು ತೀರಿಕೊಂಡ ವರ್ಷವೇ ನೀನೂ ಹೋದದ್ದಕ್ಕೆ, ಎರಡು ಮೆಷಿನ್ನಿನ ನಡುವೆ ನಾನೊಬ್ಬಳೇ ಉಳಿದದ್ದಕ್ಕೆ ಸಂಕಟವಾಯಿತು.

ಆಮೇಲೆ ಆ ಸುತ್ತೋಲೆ ಬಂತು. ಇನ್ನು ವಾಪಸು ಬಂದ ಬಟ್ಟೆಗಳನ್ನು ರಿಪೇರಿ ಮಾಡುವಂತಿಲ್ಲ. ರಿಪೇರಿಯಾದ ಜಾಕೆಟ್ ಹಾಕಿಕೊಂಡವನು ಹೊಸದು ಕೊಳ್ಳಲು ಬರುವುದಿಲ್ಲ. ಗಿರಾಕಿಗೆ ಹೊಸದು ಕೊಟ್ಟು, ಹಳೆಯದರ ಒಳಚೀಟಿ ಕಿತ್ತು, ಬೆನ್ನಿಗೆ ಭುಜದಿಂದ ಸೊಂಟದವರೆಗೆ ಬ್ಲೇಡು ಎಳೆದು ಹಿಂದಿನ ಕಸದ ತೊಟ್ಟಿಗೆ ಹಾಕಬೇಕು. ಯಾರೂ ಎತ್ತಿಕೊಂಡು ಹೋಗಿ ತೊಡಬಾರದು, ಅದು ಅಂಗಡಿಯ ಮರ್ಯಾದೆಯ ಪ್ರಶ್ನೆ. ಕೆಳಗೆ ನಿನ್ನ ಸಹಿ. ‘ದಯವಿಟ್ಟು ಇದು ತಪ್ಪದೆ ನಡೆಯುವಂತೆ ನೋಡಿಕೊಳ್ಳಿ’ ಎಂಬ ಕೊನೆಯ ಇಂಗ್ಲಿಷ್ ಸಾಲನ್ನು ನಾನು ಎರಡು ಸಲ ಓದಿದೆ. ಅದನ್ನು ನಿನಗೆ ಕಲಿಸಿದ ಮಧ್ಯಾಹ್ನವೂ ನೆನಪಾಯಿತು.

ನಾನು ಆವತ್ತೇ ಮೇಲೆ ಬಂದು ನಿನ್ನ ಮೇಜಿನ ಮೇಲೆ ಬ್ಲೇಡು ಇಟ್ಟಿದ್ದರೆ ಇವತ್ತು ಈ ಪತ್ರ ಬರೆಯುವ ಹಕ್ಕು ನನಗೆ ಇನ್ನಷ್ಟು ಇರುತ್ತಿತ್ತು. ಇಡಲಿಲ್ಲ. ಕತ್ತರಿಸಿದೆ. ಮೊದಲ ದಿನವೇ ಹನ್ನೊಂದು. ಒಂದರ ಕಂಕುಳಲ್ಲಿ ನೀನು ಎಂದೋ ಹಚ್ಚಿದ್ದ ಮೊಟ್ಟೆಯಾಕಾರದ ತೇಪೆ ಇತ್ತು, ಏಳು ಮಳೆಗಾಲ ಕಂಡರೂ ಒಂದು ಅಂಚೂ ಎದ್ದಿರಲಿಲ್ಲ. ಅದನ್ನೂ ಕತ್ತರಿಸಿದೆ. ಎಂಟು ತಿಂಗಳು ಇದೇ ಕೆಲಸ. ನಾನು ಧೈರ್ಯದ ಹೆಂಗಸಲ್ಲ. ಹೇಳಿದ್ದನ್ನು ಮಾಡಿ, ಮನೆಗೆ ಹೋಗಿ ಮನಸ್ಸಿನಲ್ಲಿ ವಾದ ಮಾಡುವ ಜಾತಿ.

ಆದರೆ ಕೈಗೆ ಬೇರೆಯದೇ ಬುದ್ಧಿ ಇರುತ್ತದೆ. ಬ್ಲೇಡು ಭುಜದಿಂದ ಇಳಿಯುವಾಗ ಬೆನ್ನಿನ ನಟ್ಟನಡುವೆ ಹೋಗುತ್ತಿರಲಿಲ್ಲ. ಎಡಗಡೆಯ ಹೊಲಿಗೆಯನ್ನೇ ಹಿಡಿದು, ಅದರಿಂದ ಅರ್ಧ ಬೆರಳು ದೂರದಲ್ಲಿ, ನೇರವಾಗಿ ಇಳಿಯುತ್ತಿತ್ತು. ರಿಪೇರಿ ಮಾಡುವವಳಿಗೆ ಅದಕ್ಕಿಂತ ಸುಲಭದ ಗಾಯ ಇನ್ನೊಂದಿಲ್ಲ. ಕತ್ತರಿಸಿದ ಅಂಚನ್ನು ಹೊಲಿಗೆಯೊಳಗೇ ನುಂಗಿಸಿಬಿಡಬಹುದು. ಬೇಕೆಂದೇ ಹಾಗೆ ಕತ್ತರಿಸಿದೆಯಾ ಎಂದು ಸೋಮವಾರ ಸಾಹೇಬರು ಕೇಳಿದರೆ ಏನು ಹೇಳಲಿ? ಮೊದಲ ದಿನ ನನಗೆ ಗೊತ್ತಿರಲಿಲ್ಲ ಎಂದು ಆಣೆಯಿಟ್ಟು ಹೇಳಬಲ್ಲೆ. ಎರಡನೆಯ ದಿನದ ಬಗ್ಗೆ ಆಣೆ ಇಡಲಾರೆ.

ಕಳೆದ ತಿಂಗಳು ದೊಡ್ಡಮ್ಮ ಒಂದು ಚೀಲ ಹಿಡಿದು ಕೆಳಗೆ ಬಂದಳು. ಅಂಗಡಿ ತೆರೆಯುವ ಮೊದಲೇ ಗುಡಿಸಿ ಮುಗಿಸಬೇಕಾದ್ದರಿಂದ ಆಕೆ ಬೆಳಗಿನ ಐದು ಗಂಟೆಗೇ ಸೇತುವೆ ದಾಟಿ ನಡೆದು ಬರುವುದು ನಿನಗೆ ಗೊತ್ತು. ಛತ್ರಿ ಆ ಸೇತುವೆಯ ಗಾಳಿಗೆ ನಿಲ್ಲುವುದಿಲ್ಲ. ಚೀಲದಲ್ಲಿ ತೊಟ್ಟಿಯಿಂದ ಎತ್ತಿದ ಹಸಿರು ಜಾಕೆಟ್ ಇತ್ತು, ಬೆನ್ನು ಬಿಚ್ಚಿಕೊಂಡು. ಎತ್ತಿಕೊಳ್ಳಲೇ ಎಂದು ಆಕೆ ಕಸದ ಗಾಡಿಯವನನ್ನು ಕೇಳಿದ್ದಳಂತೆ, ಅವನು ನನಗೆ ಭಾರ ಕಡಿಮೆಯಾಯಿತು ಎಂದನಂತೆ. ನನ್ನ ಮೇಜಿನ ಮೇಲೆ ಹರಡಿ, ‘ತೋಳು ಹೇಗಾದ್ರೂ ಇರ್ಲಿ ಮಗಾ, ಬೆನ್ನು ನೆನೆಯದಿದ್ರೆ ಸಾಕು. ಬೆನ್ನು ನೆಂದ್ರೆ ದಿನವೆಲ್ಲ ಬಗ್ಗೋಕಾಗಲ್ಲ’ ಎಂದಳು.

ಮೂರು ದಿನದ ಊಟದ ಹೊತ್ತು ಹಿಡಿಯಿತು. ಎಂಟು ತಿಂಗಳ ನಂತರ ನನ್ನ ಕೈ ಮತ್ತೆ ಕೂಡಿಸುವ ಕೆಲಸ ಮಾಡುತ್ತಿತ್ತು. ಹಳೆಯ ಹೊಲಿಗೆ ಬಿಚ್ಚಿ, ಬ್ಲೇಡಿನ ಅಂಚನ್ನು ಒಳಗೆ ಸರಿಸಿ, ಹೊಸದಾಗಿ ಹೊಲಿದು, ಟೇಪು ಹಚ್ಚಿದೆ. ಕೆಳಗಡೆ ಬ್ಲೇಡು ಸ್ವಲ್ಪ ದಾರಿ ತಪ್ಪಿದ್ದಲ್ಲಿ ಅದೇ ಬಣ್ಣದ ತೇಪೆಯನ್ನು ಒಳಗಿನಿಂದ ಹಾಕಿದೆ, ಮೂಲೆ ದುಂಡಗೆ ಮಾಡಿ, ನೀನು ಹೇಳಿಕೊಟ್ಟಂತೆ. ನೀರು ಸುರಿದು ನೋಡಿದೆ, ತಾವರೆ ಎಲೆಯ ಮೇಲಿನ ಹಾಗೆ ಹನಿ ಉರುಳಿತು. ಎಲ್ಲಿ ಹರಿದಿತ್ತೆಂದು ನಾನೇ ಹುಡುಕಬೇಕಾಯಿತು. ಹೆಮ್ಮೆಯಿಂದ ಬೀಗಿದೆ. ಆ ಹೆಮ್ಮೆಯಲ್ಲಿ, ಜೊತೆಗೆ ಹೆದರಿಕೆಯಲ್ಲಿ, ಒಂದು ತಪ್ಪು ಮಾಡಿದೆ.

ರಿಪೇರಿಯಾದ ಪ್ರತಿ ಬಟ್ಟೆಯ ಕಾಲರಿನ ಒಳಗೆ ಕೆಂಪು ದಾರದ ಮೂರು ಹೊಲಿಗೆ ಹಾಕುವುದು ಮಾಸ್ತರ ಕಟ್ಟಳೆ. ಮುಂದೆ ಯಾರ ಕೈಗೆ ಸಿಕ್ಕರೂ, ಇದನ್ನು ಒಮ್ಮೆ ಒಬ್ಬರು ಉಳಿಸಿದ್ದಾರೆ ಎಂದು ತಿಳಿಯಲಿ ಎಂದು. ಗೇಟಿನ ಕಾವಲುಗಾರರಿಗೂ ಆ ಗುರುತು ಗೊತ್ತು. ಆ ಜಾಕೆಟ್ಟಿಗೆ ನಾನು ಕೆಂಪು ದಾರ ಹಾಕಲಿಲ್ಲ. ಹಾಕಿದರೆ ನಾನು ಸಿಕ್ಕಿಬೀಳುತ್ತೇನೆ ಎಂದುಕೊಂಡೆ. ಸಿಕ್ಕಿಬಿದ್ದವಳು ದೊಡ್ಡಮ್ಮ. ನಾಲ್ಕು ದಿನದ ಹಿಂದೆ ಗೇಟಿನಲ್ಲಿ ಹಿಡಿದರು: ಕೆಂಪು ದಾರವಿಲ್ಲ, ರಸೀತಿಯಿಲ್ಲ, ಚೀಟಿ ಕಿತ್ತಿದೆ, ಬಟ್ಟೆ ಹೊಸದರ ಹಾಗಿದೆ. ನನ್ನ ರಿಪೇರಿ ಕೆಟ್ಟದಾಗಿದ್ದಿದ್ದರೆ ಆಕೆ ಬಚಾವಾಗುತ್ತಿದ್ದಳು.

ಮೊದಲ ವಿಚಾರಣೆಯ ಹೊತ್ತಿಗೆ ನನ್ನನ್ನೂ ಕರೆಸಿದ್ದರು, ಬಾಗಿಲ ಬಳಿ ನಿಂತಿದ್ದೆ. ಸಾಹೇಬರು ಜಾಕೆಟ್ಟನ್ನು ನಿನ್ನ ಕಡೆ ನೂಕಿ, ಇದು ಕತ್ತರಿಸಿದ ಮಾಲಾ ನೋಡಿ ಎಂದರು. ನೀನು ಒಳಭಾಗ ಹೊರಗೆ ಮಾಡಿದೆ. ಎಡಹೊಲಿಗೆಯ ಮೇಲೆ ಹೆಬ್ಬೆರಳು ಇಳಿಸುತ್ತ ಬಂದೆ. ಕೆಳಗೆ ಬಂದು ಆ ದುಂಡು ಮೂಲೆಯ ಹತ್ತಿರ ನಿನ್ನ ಬೆರಳು ನಿಂತಿತು. ಬೇರೆ ಯಾರಿಗೂ ಅದು ಕಾರ್ಖಾನೆಯೇ ಹಾಕಿದ ಒಳತುಂಡು. ನಿನಗಲ್ಲ. ನೀನು ತಲೆಯೆತ್ತಿ ನನ್ನನ್ನು ನೋಡಿದೆ. ನಾನು ಆ ಕ್ಷಣವೇ ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ನೀನು ಬಿಡುತ್ತೀಯ ಎಂದು ಕಾದೆ. ನೀನು ಜಾಕೆಟ್ಟನ್ನು ಮೇಜಿನ ಮೇಲಿಟ್ಟು, ‘ಹೊಸದರ ಹಾಗಿದೆ ಸಾರ್’ ಎಂದೆ.

ಆ ಮಾತು ನನ್ನನ್ನು ಉಳಿಸಲು ಆಡಿದ್ದು ಎಂದು ನಿನ್ನೆ ಮೆಟ್ಟಿಲ ಮೇಲೆ ನೀನು ಹೇಳಿದೆ. ಇರಬಹುದು. ಆದರೆ ಮುಂದಿನ ಮಾತು? ‘ನೀನು ಸತ್ಯವಂತೆ ಕಣೇ, ಒಪ್ಕೊಂಡೆ. ಆದ್ರೆ ನಿಂಗೆ ಇಂಗ್ಲಿಷಿದೆ, ಎಲ್ಲಿ ಬಿದ್ರೂ ಎದ್ದು ನಿಲ್ತೀಯ. ಸುತ್ತೋಲೆ ಮೇಲೆ ಸಹಿ ನಂದು, ಇದು ಬಯಲಾದ್ರೆ ನನ್ನ ಕೆಲಸಾನೂ ಹೋಗುತ್ತೆ, ನನ್ನನ್ನೇ ನಂಬಿದೋರು ಮನೇಲಿ ಮೂರು ಜನ ಇದಾರೆ. ದೊಡ್ಡಮ್ಮಂಗೆ ಅರವತ್ತು ಹತ್ರ ಬಂತು, ಇವತ್ತಲ್ಲ ನಾಳೆ ಬಿಡೋಳೇ.’

ಮನೆಗೆ ಬಂದು ಇದನ್ನು ತಿರುಗಿಸಿ ಮುರುಗಿಸಿ ನೋಡಿದೆ. ನಿನ್ನ ಮಾತಿನ ಮೊದಲರ್ಧ ನಿಜ. ನಾನು ಬಿದ್ದರೆ ಅಮ್ಮನ ಮನೆಯ ಒಂದು ಕೋಣೆ ನನಗಿದೆ, ನಿನಗೆ ಅಂಥ ಕೋಣೆ ಇಲ್ಲ. ನ್ಯಾಯ ಮಾತಾಡುವುದು ನನಗೆ ಅಗ್ಗ, ನಿನಗೆ ದುಬಾರಿ. ಇದನ್ನು ಮರೆತು ನಿನಗೆ ಬುದ್ಧಿ ಹೇಳಿದರೆ ನನ್ನಂಥ ಕಪಟಿ ಇನ್ನೊಬ್ಬಳಿಲ್ಲ. ಆದರೆ ಎರಡನೆಯ ಅರ್ಧವನ್ನು ಎಷ್ಟು ಸಲ ನೋಡಿದರೂ ಅದು ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವ ಮಾತೇ. ಇವತ್ತಲ್ಲ ನಾಳೆ ಬಿಡುವವಳು ತಾನಾಗಿ ಬಿಡಲಿ, ಕಳ್ಳಿ ಎನ್ನಿಸಿಕೊಂಡು ಯಾಕೆ? ಹಳೆಯದಾಯಿತು, ಹೇಗೂ ಬಿಸಾಡುವುದೇ ಎಂಬ ಮಾತನ್ನು ಬಟ್ಟೆಯ ಬಗ್ಗೆ ಹೇಳಿದವರ ಜೊತೆಗೂ ನೀನು ಜಗಳವಾಡುತ್ತಿದ್ದವಳು. ಈಗ ಮನುಷ್ಯಳ ಬಗ್ಗೆ ಹೇಳುತ್ತಿದ್ದೀಯ.

ಇವತ್ತು ಬೆಳಿಗ್ಗೆ ದೊಡ್ಡಮ್ಮ ನನ್ನ ಮನೆಗೆ ಬಂದಿದ್ದಳು. ಅಂಗಡಿಯಲ್ಲಿ ಆಕೆಯಿಂದ ಒಂದು ಕಾಗದದ ಎರಡು ಪ್ರತಿಗೂ ಹೆಬ್ಬೆಟ್ಟು ಹಾಕಿಸಿಕೊಂಡಿದ್ದಾರಂತೆ, ಅದರಲ್ಲೊಂದನ್ನು ಸೆರಗಿನಲ್ಲಿ ಕಟ್ಟಿಕೊಂಡು ತಂದಿದ್ದಳು. ‘ವಿಚಾರಣೆ ಮುಗಿಯೋವರೆಗೂ ರಜಾ ಅಂದ್ರು ಮಗಾ, ಎಷ್ಟು ದಿನ ಅಂತ ಬರೆದಿದಾರೆ ನೋಡು.’ ಇಂಗ್ಲಿಷಿನಲ್ಲಿತ್ತು. ರಜೆಯ ಸುದ್ದಿ ಅದರಲ್ಲಿ ಒಂದು ಅಕ್ಷರವೂ ಇರಲಿಲ್ಲ. ‘ನಾನು ಮಾಡಿದ ಕಳ್ಳತನಕ್ಕೆ ಮನಃಪೂರ್ವಕ ವಿಷಾದಿಸುತ್ತೇನೆ’ ಎಂದಿತ್ತು. ವಿಷಾದ ಸೂಚಿಸುವ ಆ ವಾಕ್ಯದ ಕಟ್ಟಡ ನನ್ನದು, ಗುಂಡುಪಿನ್ನು. ನನ್ನ ಹಳೆಯ ಆಫೀಸಿನಿಂದ ನಾನು ನಿನಗೆ ತಂದುಕೊಟ್ಟದ್ದು. ನಿನ್ನ ತೇಪೆಯನ್ನು ನೀನು ಗುರುತಿಸಿದ ಹಾಗೆಯೇ ನಾನು ನನ್ನ ವಾಕ್ಯವನ್ನು ಗುರುತಿಸಿದೆ.

ಓದಿ ಅರ್ಥ ಹೇಳಿದೆ. ಆಕೆ ಅಳಲಿಲ್ಲ. ಕಾಗದವನ್ನು ತನ್ನ ಕಡೆ ತಿರುಗಿಸಿ ಹೆಬ್ಬೆಟ್ಟಿನ ನೀಲಿ ಗುರುತನ್ನು ನೋಡಿದಳು. ‘ಹದಿನಾರು ವರ್ಷದಲ್ಲಿ ಮೊದಲನೇ ಸಲ ಕುರ್ಚಿ ಕೊಟ್ಟು ಕೂರಿಸಿದ್ರು, ಆಗಲೇ ನಂಗೆ ಅನುಮಾನ ಬರಬೇಕಿತ್ತು’ ಎಂದು ನಕ್ಕಳು. ರಜಾ ಅರ್ಜಿ ಎಂದು ಹೇಳಿದವರು ಯಾರೆಂದು ನಾನು ಕೇಳಲಿಲ್ಲ. ಕೇಳುವ ಧೈರ್ಯ ಬರಲಿಲ್ಲ. ಕೇಳಿದ್ದರೆ ಈ ಪತ್ರದ ಮೇಲೆ ‘ಪ್ರೀತಿಯ’ ಎಂಬ ಪದ ಇರುತ್ತಿತ್ತೋ ಇಲ್ಲವೋ.

ಸೋಮವಾರ ಏನು ಮಾಡುತ್ತೇನೆಂದು ಮೊದಲೇ ತಿಳಿಸುತ್ತಿದ್ದೇನೆ. ನಿನ್ನ ಬೆನ್ನ ಹಿಂದೆ ಏನೂ ಮಾಡುವವಳಲ್ಲ. ನೀನು ಕಳಿಸಿದ ಹಾಳೆಯ ಹಿಂಬದಿಯಲ್ಲಿ ನನ್ನದೇ ಹೇಳಿಕೆ ಬರೆದಿದ್ದೇನೆ, ದೊಡ್ಡಮ್ಮನಿಗೆ ಓದಿ ಹೇಳಿದರೆ ಅರ್ಥವಾಗುವ ನಮ್ಮ ಮಾತಿನಲ್ಲಿ: ಈ ಜಾಕೆಟ್ ಕತ್ತರಿಸಿದವಳೂ ನಾನೇ, ಕೂಡಿಸಿದವಳೂ ನಾನೇ, ದೊಡ್ಡಮ್ಮನ ಕೈಗೆ ಕೊಟ್ಟವಳೂ ನಾನೇ, ಕೆಂಪು ದಾರ ಹಾಕದೆ ಇದ್ದದ್ದು ನನ್ನ ಹೇಡಿತನ. ಅದಕ್ಕೆ ಸಹಿ ಇದೆ. ಇದರ ಇನ್ನೊಂದು ಪ್ರತಿ ದೊಡ್ಡಮ್ಮನ ಸೆರಗಿನಲ್ಲಿದೆ, ಮೇಜಿನ ಡ್ರಾಯರಿನಲ್ಲಿ ಕಳೆದುಹೋಗುವ ಸಂಭವವಿಲ್ಲ. ಮಾತು ನಂಬದಿದ್ದರೆ ಜಾಕೆಟ್ಟನ್ನು ಅಲ್ಲೇ ಕೇಳಿ ಪಡೆಯುತ್ತೇನೆ. ಇಸ್ತ್ರಿಪೆಟ್ಟಿಗೆ ಕೆಳಗಿನಿಂದ ತರುತ್ತೇನೆ. ಟೇಪಿಗೆ ಬಿಸಿ ಕೊಟ್ಟು ಎಬ್ಬಿಸಿ, ಹೊಲಿಗೆ ಬಿಚ್ಚಿ, ಬ್ಲೇಡಿನ ಅಂಚು ತೋರಿಸುತ್ತೇನೆ. ಐದು ನಿಮಿಷದ ಕೆಲಸ. ನಾನು ಈವರೆಗೆ ಮಾಡಿದ್ದರಲ್ಲೇ ಒಳ್ಳೆಯ ರಿಪೇರಿ ಅದು, ನನ್ನ ಕೈಯಾರೆ ಹಾಳಾಗಲಿ.

ಅಂದೇ ನನ್ನನ್ನು ಕೆಲಸದಿಂದ ತೆಗೆಯುತ್ತಾರೆ. ತೆಗೆಯಲಿ. ಮಳೆ ಬರುವ ಊರಿನಲ್ಲಿ ಹರಿದ ಜಾಕೆಟ್‌ಗಳಿಗೆ ಬರವಿಲ್ಲ, ನಮ್ಮ ಮನೆಯ ಮುಂದಿನ ಕೋಣೆಗೆ ಒಳ್ಳೆಯ ಬೆಳಕಿದೆ. ಜಾಕೆಟ್ಟನ್ನು ದೊಡ್ಡಮ್ಮನಿಗೆ ವಾಪಸು ಕೊಡಿ ಎಂದು ಕೇಳುತ್ತೇನೆ. ನಿಯಮದಂತೆ ಕತ್ತರಿಸಿದ ಕಸ, ಯಾರಿಗೆ ಬೇಕು ಅದು? ಕೊಡದಿದ್ದರೆ ಇನ್ನೊಂದು ಹುಡುಕುತ್ತೇನೆ. ಕೊಟ್ಟರೆ ಈ ಸಲ ಅಡಗಿಸಿ ಕೂಡಿಸುವುದಿಲ್ಲ. ಭುಜದಿಂದ ಸೊಂಟದವರೆಗೆ, ಹೊರಗಡೆಯಿಂದ, ಅಚ್ಚ ಹಳದಿ ಬಟ್ಟೆಯ ಪಟ್ಟಿ ಹಚ್ಚುತ್ತೇನೆ. ಬೆಳಗಿನ ಐದು ಗಂಟೆಗೆ ಸೇತುವೆಯ ಈ ತುದಿಯಲ್ಲಿ ನಿಂತವರಿಗೂ ಆ ತುದಿಯಿಂದ ದೊಡ್ಡಮ್ಮ ಬರುವುದು ಕಾಣಬೇಕು. ಇದನ್ನು ಯಾರೋ ಹರಿದಿದ್ದರು, ಯಾರೋ ಕೂಡಿಸಿದರು ಎಂಬುದೂ ಕಾಣಬೇಕು.

ಅಷ್ಟುದ್ದದ ಪಟ್ಟಿಯನ್ನು ಒಬ್ಬಳೇ ಹಚ್ಚಲಾಗುವುದಿಲ್ಲ, ನಿನಗೆ ಹೇಳಬೇಕಾಗಿಲ್ಲ. ಒಬ್ಬಳು ಬಿಸಿ ಕೊಡುವಾಗ ಇನ್ನೊಬ್ಬಳು ಎದುರು ನಿಂತು ಸುಕ್ಕಾಗದಂತೆ ಎಳೆದು ಹಿಡಿಯಬೇಕು. ಸೋಮವಾರ ಸಂಜೆ ಆರಕ್ಕೆ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮೇಜು ಸಿದ್ಧವಿರುತ್ತದೆ. ಬರುವುದಾದರೆ ಬೆಳಿಗ್ಗೆ ಹತ್ತಕ್ಕೆ ಸಾಹೇಬರ ಮುಂದೆ ಬಾಯಿ ಬಿಟ್ಟು ಬಾ. ಬಾಯಿ ಬಿಡದೆ ಬರಬೇಡ. ನೀನು ಬಾರದಿದ್ದರೆ ದೊಡ್ಡಮ್ಮನೇ ಹಿಡಿಯುತ್ತಾಳೆ. ಇಂದು ಬೆಳಿಗ್ಗೆ ಒಂದು ಹಳೆಯ ತುಂಡಿನ ಮೇಲೆ ಹೇಳಿಕೊಟ್ಟೆ. ಮೊದಲ ಸಲಕ್ಕೇ ನನಗಿಂತ ಚೆನ್ನಾಗಿ ಹಿಡಿದಳು.

ನಿನ್ನ ಮನೆಯ ಮೂವರೂ ಬೆಚ್ಚಗಿರಲಿ. ನಿನ್ನ ಹೆಬ್ಬೆರಳಿನ ತಿಳಿವಳಿಕೆ ಎಂದೂ ಮಂಕಾಗದಿರಲಿ.

ನಿನಗೆ ಹೆದರದೆ, ನಿನ್ನನ್ನು ಬಿಟ್ಟೂ ಕೊಡದೆ,

ನಿನ್ನ ಕಾನ್ವೆಂಟು